ಬಂದು ಹೋಗುವ ಲಕ್ವ

ನಾನು ನರರೋಗದ ಡಾಕ್ಟರು. ವೃತ್ತಿಯ ಮೊದಲರ್ಧ ಲಕ್ವದ ಮೇಲೆ ಸಂಶೋಧನೆ ಮಾಡಿದೆ, ಆಮೇಲಿನ ಅರ್ಧ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ಇನ್ನೊಂದು ಕಾಯಿಲೆಯ ಮೇಲೆ. ಅವ್ವನಿಗೆ ಇದನ್ನೆಲ್ಲ ವಿವರಿಸೋಕೆ ಹೋಗಿ ಸೋತಿದ್ದೆ. ಅವಳ ಪಾಲಿಗೆ ನಾನು ತಲೆ ಡಾಕ್ಟ್ರು. ತಿಪಟೂರು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಅದನ್ನೇ ಹೇಳೋಳು. ಯಾರಾದರೂ ತಿಳೀದೆ "ಹುಚ್ಚಿಗೆ ಔಷಧಿ ಕೊಡ್ತಾರಾ?" ಅಂತ ಕೇಳಿಬಿಟ್ಟರೆ ಇಳಿಯೋ ತನಕ ಅವರ ಜನ್ಮ ಜಾಲಾಡೋಳು. ನಾನು ಏನು ಹೇಳಿದರೂ ಅವ್ವನಿಗೆ ಅದು ವೇದ. ಇದನ್ನ ಹೆಮ್ಮೆಗೆ ಹೇಳ್ತಾ ಇಲ್ಲ.

ನಮ್ಮದು ದಂಡಿನಶಿವರದ ಹತ್ತಿರ ತೆಂಗಿನ ತೋಟದ ಮನೆ. ನಮ್ಮ ಕಡೆ ಕೊಬ್ಬರೀನ ಬಿಸಿಲಲ್ಲಿ ಒಣಗಿಸಲ್ಲ. ಕಾಯಿ ಕಿತ್ತು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟರೆ ಒಳಗೇ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತೆ. ಆಗಿದೆಯೋ ಇಲ್ಲವೋ ಅಂತ ಯಾರಾದರೂ ಅಟ್ಟ ಹತ್ತಿ ಒಂದೊಂದೇ ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಬೇಕು, ಗಡಗಡ ಅಂದಿದ್ದನ್ನ ಕೆಳಕ್ಕೆ ಹಾಕಬೇಕು. ಮೇಲೆ ತಗಡಿನ ಶೀಟು. ಬೇಸಿಗೆಯಲ್ಲಿ ಅಲ್ಲಿ ಐದು ನಿಮಿಷ ಕೂತರೆ ಬೆವರು ಕಣ್ಣಿಗೆ ಇಳಿಯುತ್ತೆ. ಅಣ್ಣನ ಮದುವೆ ಆಗೋವರೆಗೆ ಅದು ನನ್ನ ಕೆಲಸವಾಗಿತ್ತು. ಅತ್ತಿಗೆ ಬಂದ ವಾರಕ್ಕೇ ಅವ್ವ, "ಅವ್ಳು ಓದ್ಕಳ್ಳಿ, ನೀನು ಹತ್ತು" ಅಂದಳು. ಅತ್ತಿಗೆ ನನಗಿಂತ ಮೂರು ವರ್ಷಕ್ಕೆ ದೊಡ್ಡವರು, ಅಷ್ಟೆ. ನಾನು ಪುಸ್ತಕ ಹಿಡಿದು ಜಗಲಿ ಮೇಲೆ ತಣ್ಣಗೆ ಕೂತೆ.

ಅತ್ತಿಗೆಗೆ ಮೂವತ್ತರ ಆಸುಪಾಸಿನಲ್ಲಿ ಶುರುವಾಯಿತು. ಅಟ್ಟದ ಮೇಲೆ ಸ್ವಲ್ಪ ಹೊತ್ತಿದ್ದರೆ ಎಡಗಾಲು ಮಾತು ಕೇಳ್ತಿರಲಿಲ್ಲ, ಕಣ್ಣು ಮಂಜಾಗೋದು. ಕೆಳಗಿಳಿದು ತೊಟ್ಟಿ ನೀರು ಸುರಿದುಕೊಂಡು ಅರ್ಧ ಗಂಟೆ ಕೂತರೆ ಸರಿಹೋಗೋದು. ಯುಗಾದಿಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಂಡಾಗಲೂ ಅದೇ ಕತೆ. ಅವ್ವ ಇದನ್ನ ನೋಡಿ ನೋಡಿ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಅಂತ ಶುರು ಹಚ್ಚಿಕೊಂಡಳು. ಅವಳ ಲೆಕ್ಕ ಸುಲಭ. ಕೆಲಸ ಇದ್ದಾಗ ಕಾಲು ಬರಲ್ಲ, ಕೆಲಸ ತಪ್ಪಿದ ಮೇಲೆ ಬರುತ್ತೆ.

ಅದೇ ಕಾಲಕ್ಕೆ ನಾನು ಹಳ್ಳಿಗಳಲ್ಲಿ ಸಣ್ಣ ವಯಸ್ಸಿನವರಿಗೆ ಲಕ್ವ ಎಷ್ಟರಮಟ್ಟಿಗೆ ಹೊಡೆಯುತ್ತೆ ಅಂತ ಮನೆಮನೆ ಸಮೀಕ್ಷೆ ಶುರುಮಾಡಿದ್ದೆ. ನನ್ನ ಸೀಮೆಯನ್ನೇ ಆರಿಸಿಕೊಂಡೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಚಿತ್ರಾನ್ನ ತಿಂದು, ಜೀಪಿನಲ್ಲಿ ಕಟ್ಟುಗಟ್ಟಲೆ ಫಾರಂ ಹಾಕ್ಕೊಂಡು ಊರೂರು ಸುತ್ತಿದೆ. ಏನು ಜಂಬ ನನಗೆ! ಕೊನೆಗೆ ನಮ್ಮ ಮನೆಗೂ ಬಂದೆ. ಅಷ್ಟರಲ್ಲಿ ಅತ್ತಿಗೆಯ ಎಡಗಾಲು ಒಮ್ಮೆ ಪೂರ್ತಿ ಬಿದ್ದು, ತಿಂಗಳಾದ ಮೇಲೆ ಮುಕ್ಕಾಲು ಪಾಲು ವಾಪಸು ಬಂದಿತ್ತು. ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ಒಂದು ಚುಕ್ಕೆ ಕಂಡಿತು. ಸಣ್ಣ ಲಕ್ವ ಅಂತ ಬರೆದೆ.

ಅತ್ತಿಗೆ ಅಟ್ಟದ ವಿಷಯ ಹೇಳಿದರು, ಬಿಸಿನೀರಿನ ವಿಷಯವನ್ನೂ ಹೇಳಿದರು. ಅದನ್ನ ಬರೆಯೋಕೆ ನನ್ನ ಫಾರಂನಲ್ಲಿ ಜಾಗ ಇರಲಿಲ್ಲ. "ಅದು ಬೇರೆ ಬಿಡಿ ಅತ್ತಿಗೆ" ಅಂದೆ. ಬೇರೆ ಹೇಗಾಗುತ್ತೆ? ಕಾಯಿಲೆ ತಾನೇ ಬಾಯಿ ಬಿಟ್ಟು ನಾನಿಂಥದ್ದು ಅಂತ ಹೇಳ್ತಾ ಇತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನರದ ಮೇಲಿನ ಹೊದಿಕೆ ಅಲ್ಲಲ್ಲಿ ಕಿತ್ತುಹೋಗಿರುತ್ತೆ, ಮೈ ಬಿಸಿಯಾದರೆ ಅಂಥ ನರ ಕೆಲಸ ನಿಲ್ಲಿಸುತ್ತೆ, ತಣ್ಣಗಾದರೆ ಮತ್ತೆ ಶುರುಮಾಡುತ್ತೆ. ಪುಸ್ತಕದಲ್ಲಿ ಇದನ್ನ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ಅದು ಚಳಿ ದೇಶದ ಬಿಳಿಯರ ಕಾಯಿಲೆ, ನಮ್ಮ ಜನಕ್ಕೆ ಬರೋದೇ ಇಲ್ಲ ಅಂತ ನಮ್ಮ ಮೇಷ್ಟ್ರುಗಳು ಹೇಳಿಕೊಟ್ಟಿದ್ದರು. ನಾನು ಅವರಿಗಿಂತ ಹೆಚ್ಚು ನಂಬಿದೆ.

ಆವತ್ತೇ ಜಗಲಿ ಮೇಲೆ ಅವ್ವ ಕೇಳಿದಳು, "ಅಲ್ಲ ಕಣೇ, ಲಕ್ವ ಹೊಡ್ದೋರಿಗೆ ಹಿಂಗೆ ಗಂಟೆಗೊಂದ್ಸಲ ಬಂದು ಹೋಯ್ತದಾ?"

"ಇಲ್ಲವ್ವ, ಹಾಗೆ ಬಂದು ಹೋಗಲ್ಲ."

"ಮತ್ತೆ ಇವ್ಳಿಗೆ?"

"ಸ್ವಲ್ಪ ಮನಸ್ಸಿಂದೂ ಇರಬೋದು" ಅಂದೆ.

ಅತ್ತಿಗೆ ಒಳಗೆ ಮುದ್ದೆ ತೊಳಸ್ತಾ ಇದ್ದರು. ಕೇಳಿಸಿರಲೇಬೇಕು. ನಾನು ಕೈ ತೊಳೆದು ಊಟಕ್ಕೆ ಕೂತೆ, ಅವರೇ ಬಡಿಸಿದರು.

ಆಮೇಲೆ ಅವ್ವನನ್ನ ಹಿಡಿಯೋರು ಯಾರು? ಮನೆಯ ತಲೆ ಡಾಕ್ಟ್ರೇ ಹೇಳಿಯಾಗಿತ್ತು. ಅತ್ತಿಗೆ ಕೂತರೆ ಸಾಕು, "ಬಂತು ನೋಡು, ಬಂದು ಹೋಗೋ ಲಕ್ವ" ಅನ್ನೋಳು. ಆ ಮಾತು ಬೀದಿಗೂ ಹೋಯಿತು, ಚಿಕ್ಕನಾಯಕನಹಳ್ಳಿಯ ನೆಂಟರ ಮನೆಗೂ ಹೋಯಿತು. ಅಣ್ಣ ಜಗಳಗಂಟನಲ್ಲ, ಆದರೆ ಹೆಂಡತಿ ಪರವಾಗಿ ಒಂದು ಮಾತೂ ಆಡಲಿಲ್ಲ. ಅತ್ತಿಗೆ ಹಟಕ್ಕೆ ಬಿದ್ದು, ತಾನು ಮೈಗಳ್ಳಿಯಲ್ಲ ಅಂತ ತೋರಿಸೋಕೆ ದಿನಾ ಅಟ್ಟ ಹತ್ತಿದರು. ಒಂದು ಸಲ ಏಣಿಯಿಂದ ಬಿದ್ದು ಮುಂಗೈ ಮುರಿದುಕೊಂಡರು. ನಾನು ಫೋನಿನಲ್ಲಿ ಮೂಳೆ ಡಾಕ್ಟರ ವಿಳಾಸ ಕೊಟ್ಟೆ. ಲಕ್ವದ ಮಾತ್ರೆ ಬಿಡಬೇಡಿ ಅಂತಲೂ ಹೇಳಿದೆ. ಬೇಡದ ಮಾತ್ರೆ ಅದು. ಹನ್ನೊಂದು ವರ್ಷ ನುಂಗಿದರು.

ಆ ಸಮೀಕ್ಷೆ ಪ್ರಬಂಧವಾಗಿ ಅಚ್ಚಾಗಿ ನನಗೆ ಹೆಸರು ತಂದುಕೊಟ್ಟಿತು. ಆಮೇಲೆ ಒಳ್ಳೆ ಸ್ಕ್ಯಾನಿಂಗ್ ಮೆಷಿನ್ನುಗಳು ಬಂದವು, ಚಳಿ ದೇಶದ ಕಾಯಿಲೆ ನಮ್ಮ ವಾರ್ಡಿನಲ್ಲೇ ಸಾಲಾಗಿ ಮಲಗಿರೋದು ಗೊತ್ತಾಯಿತು. ನಾನು ಆ ಕಡೆ ವಾಲಿಕೊಂಡೆ. ಒಂದು ದಿನ ಮದುವೆ ಅಡುಗೆ ಮಾಡೋ ಹೆಂಗಸೊಬ್ಬರು ಬಂದರು. "ಒಲೆ ಮುಂದೆ ನಿಂತ್ರೆ ಕಾಲು ಹೋಯ್ತದೆ ಮೇಡಂ, ಆಚೆ ಬಂದು ನೀರು ಹಾಕ್ಕಂಡ್ರೆ ಬತ್ತದೆ" ಅಂದರು. ನಾನು ಜೂನಿಯರ್‌ಗಳ ಕಡೆ ತಿರುಗಿ, "ಕೇಳಿಸಿಕೊಂಡ್ರಾ? ರೋಗಿ ಬಾಯಲ್ಲೇ ಇದೆ ನೋಡಿ. ಇದನ್ನ ಕೇಳದೆ ಇರೋನು ಡಾಕ್ಟರೇ ಅಲ್ಲ" ಅಂತ ಭಾಷಣ ಬಿಗಿದೆ. ಭಾಷಣ ಅರ್ಧಕ್ಕೇ ನಿಲ್ಲಿಸಿದೆ. ಆ ಮಾತು ನಾನು ಕೇಳಿದ್ದೆ. ನಮ್ಮ ಮನೆಯಲ್ಲೇ ಕೇಳಿದ್ದೆ.

ಅತ್ತಿಗೆಯನ್ನ ಕರೆಸಿ ಎಂ.ಆರ್.ಐ. ಮಾಡಿಸಿದೆ. ಮೆದುಳಲ್ಲಿ, ಬೆನ್ನುಹುರಿಯಲ್ಲಿ ಎಲ್ಲ ಕಡೆ ಗಾಯ. ಶುರುವಿನಲ್ಲೇ ಔಷಧಿ ಕೊಟ್ಟಿದ್ದರೆ ಇಷ್ಟಾಗ್ತಿರಲಿಲ್ಲ, ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಸುಮ್ನೆ ಮಾತ್ರೆ ಬದಲಾಯಿಸ್ತೀನಿ" ಅಂದೆ. ಕಾಯಿಲೆ ಹೆಸರು ಹೇಳಲಿಲ್ಲ. ಸಮೀಕ್ಷೆಯಲ್ಲಿ ನನ್ನ ಜೊತೆಗಿದ್ದ ಹಿರಿಯರಿಗೆ, ಪ್ರಬಂಧದಲ್ಲಿ ಒಂದು ಕೇಸು ತಪ್ಪಾಗಿದೆ ಅಂತ ಹೇಳಿದರೆ, "ಒಂದು ಕೇಸಿನಿಂದ ಏನಾಗ್ತದೆ ಬಿಡಮ್ಮ" ಅಂದರು. ಬಿಟ್ಟೆ. ಅಲ್ಲಿ ಅತ್ತಿಗೆ ಇವತ್ತಿಗೂ ಲಕ್ವದವರೇ.

ಆಸ್ಪತ್ರೆಯಿಂದ ಹೊರಡುವಾಗ ಅತ್ತಿಗೆ ಒಂದೇ ಒಂದು ಕೇಳಿದರು. "ನಿಮ್ಮವ್ವಂಗೆ ಒಂದ್ಮಾತು ಹೇಳ್ತೀಯೇನಮ್ಮ? ನಾನು ಬೇಕಂತ ಮಾಡ್ತಿಲ್ಲ ಅಂತ."

"ಹೇಳ್ತೀನಿ ಅತ್ತಿಗೆ" ಅಂದೆ.

ಹೇಳಲಿಲ್ಲ. ಎರಡು ವರ್ಷ ಟೈಮ್ ಇತ್ತು. ಪ್ರತಿ ಸಲ ಊರಿಗೆ ಹೋದಾಗಲೂ ಅವ್ವ ಒತ್ತು ಶಾವಿಗೆ ಒತ್ತಿಸಿ, ಕಾಯಿಹಾಲು ಹಿಂಡಿಸಿ, ಪಕ್ಕದಲ್ಲಿ ಕೂತು ತಿನ್ನಿಸೋಳು. ಯಾರಾದರೂ ಬಂದರೆ ನನ್ನ ಕೈ ಹಿಡಿದು ತೋರಿಸೋಳು. ಆ ಮುಖಕ್ಕೆ "ನಾನು ತಪ್ಪು ಹೇಳಿದ್ದೆ ಕಣವ್ವ" ಅನ್ನೋಕೆ ಬಾಯಿ ಬರಲಿಲ್ಲ. ಪ್ರಬಂಧ, ಹೆಸರು, ಕೆಲಸ ಅಂತ ಆಮೇಲೆ ನೆವ ಹುಡುಕಿಕೊಂಡೆ. ಅದೆಲ್ಲ ಸುಳ್ಳು. ಅವ್ವನ ಕಣ್ಣಲ್ಲಿ ಒಂದು ಮೆಟ್ಟಿಲು ಕೆಳಗಿಳಿಯೋಕೆ ನನಗೆ ಮನಸ್ಸಿರಲಿಲ್ಲ. ಅಷ್ಟರಲ್ಲಿ ಕೋಲು ಹಿಡಿದು ನಡೀತಿದ್ದ ಅತ್ತಿಗೆ ಗಾಲಿ ಕುರ್ಚಿಗೆ ಬಂದಿದ್ದರು.

ಅವ್ವ ಹೋದ ವರ್ಷ ತೀರಿಕೊಂಡಳು. ತಿಥಿಯ ದಿನ ನೆಂಟರ ಹೆಂಗಸೊಬ್ಬಳು ಪಂಕ್ತಿಯಲ್ಲಿ ಕೂತು, "ಅತ್ತೆ ತಿಥಿಲೂ ಕುರ್ಚಿ ಬುಟ್ಟು ಎದ್ದಿಲ್ಲ ನೋಡಮ್ಮಿ" ಅಂದಳು. ನನಗೆ ಎಲ್ಲಿತ್ತೋ ಸಿಟ್ಟು, ಎಲೆ ಮುಂದೆ ಕೂತವಳನ್ನ ಬಾಯಿಗೆ ಬಂದಂತೆ ಬೈದೆ. ಯಾರ ಮೇಲಿನ ಸಿಟ್ಟೋ ಯಾರ ಮೇಲೋ ತೀರಿಸಿಕೊಂಡೆ. ಜನ ಹೋದ ಮೇಲೆ ಅಣ್ಣನನ್ನ, ಅತ್ತಿಗೆಯನ್ನ ನಡುಮನೆಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಕಾಯಿಲೆ ಹೆಸರು ಹೇಳಿದೆ, ಬಿಸಿಗೆ ಕಾಲು ಹೋಗೋದು ಅದರ ಗುಣ ಅಂದೆ, ಆವತ್ತು ಜಗಲಿ ಮೇಲೆ ನಾನಾಡಿದ ಮಾತು ಶುದ್ಧ ತಪ್ಪು ಅಂದೆ.

ಅಣ್ಣ, "ಅಂಗಾದ್ರೆ ನಾವು ಇಷ್ಟು ವರ್ಷ ಅಂದಿದ್ದು..." ಅಂದ. ಎದ್ದು ತೋಟಕ್ಕೆ ಹೋದ.

ಅತ್ತಿಗೆ ಕೇಳಿದರು, "ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. "ನಿಮಗೆ ದೊಡ್ಡ ಸ್ಕ್ಯಾನ್ ಮಾಡಿಸಿದಾಗ" ಅಂದೆ.

"ಆಗ ಅತ್ತೆ ಇದ್ರು."

"ಇದ್ಲು."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಅಳ್ತಾ ಇರಲಿಲ್ಲ, ಸೆಕೆ ಇತ್ತು.

"ಕಾಲಿಗೆ ನಿನ್ನ ಬೈಯಲ್ಲ ಕಣಮ್ಮ. ಆವತ್ತು ನಿಂಗೂ ತಿಳೀಲಿಲ್ಲ" ಅಂದರು. "ಕೊನೇ ತಿಂಗ್ಳು ಅತ್ತೆಗೆ ಗಂಜಿ ಕುಡಿಸ್ತಿದ್ದೋಳು ನಾನೇ, ಈ ಕುರ್ಚಿ ಮೇಲೆ ಕೂತ್ಕಂಡು. ಒಂದಿನ ನನ್ನ ಕೈ ಹಿಡ್ಕಂಡು ಕೇಳಿದ್ರು, 'ಸಾಯೋಳ ಮುಂದೆ ಸುಳ್ಳು ಹೇಳಬೇಡ, ಕಾಲು ನಿಜವಾಗ್ಲೂ ಬರಲ್ವಾ?' ಅಂತ. ಬರಲ್ಲ ಅತ್ತೆ ಅಂದೆ. ಬಾಳ ಹೊತ್ತು ನನ್ನ ಮುಖ ನೋಡಿದ್ರು. ನಂಬ್ತಾರೆ ಅಂತ್ಲೇ ಅನ್ಕಂಡೆ. ಆಮೇಲೆ ಕೈ ಬುಟ್ಟು, 'ನಂಗೇನೋ ನಿಜ ಅನ್ನಿಸ್ತದೆ, ಆದ್ರೆ ನನ್ನ ಮಗಳು ಹಂಗನ್ಲಿಲ್ವಲ್ಲ' ಅಂದ್ರು."