ಜಾಗವಿದ್ದರೂ ತುಂಬಿದ ಡಿಸ್ಕು, ವಾಡಿಯ ಲುಂಬಿನಿ

ಬೆಳಗಿನ ಐದೂ ಮುಕ್ಕಾಲು. ವಾಡಿ ನಿಲ್ದಾಣದ ರಸ್ತೆಯಲ್ಲಿರುವ ರಕ್ತಪರೀಕ್ಷಾ ಕೇಂದ್ರದಲ್ಲಿ ಲುಂಬಿನಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಒಂದೇ ಸಾಲು: ಡಿಸ್ಕಿನಲ್ಲಿ ಜಾಗವಿಲ್ಲ. ನಿನ್ನೆ ಸಂಜೆಯಿಂದ ಹೊಸ ವರದಿ ಒಂದೂ ತಯಾರಾಗಿಲ್ಲ. ಬೆಂಚಿನ ಮೇಲೆ ಗುಂಡಗುರ್ತಿಯ ಭೀಮಬಾಯಿ. ಇಂದು ಕಲಬುರಗಿಯಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ. ರಕ್ತದ ವರದಿ ಇಲ್ಲದೆ ವೈದ್ಯರು ಮುಟ್ಟುವುದಿಲ್ಲ. ರೈಲು ಎಂಟಕ್ಕೆ.

"ನಿನ್ನ ಡಬ್ಬಿ ಸತ್ತದೇನವ್ವ?"

"ಸತ್ತಿಲ್ಲ ಆಯಿ, ಸಿಟ್ಟಿಗಿ ಬಂದದ. ನೀ ಚಹಾ ಕುಡಿ."

ಸನ್ನತಿಯ ಲುಂಬಿನಿಗೆ ಮೂವತ್ತೆಂಟು. ಹನ್ನೊಂದು ವರ್ಷದ ಹಿಂದೆ ಸೀಸೆಗಳಿಗೆ ಚೀಟಿ ಅಂಟಿಸಲು ಸೇರಿದವರು, ಯಂತ್ರ ಕೆಟ್ಟಾಗಲೆಲ್ಲ ದುರಸ್ತಿಗೆ ಬಂದವರ ಪಕ್ಕದಲ್ಲಿ ಕೂತು, ಈ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಕಲಿತರು. ದಿನಕ್ಕೆ ನೂರಿಪ್ಪತ್ತು ವರದಿ ಅವರ ಕೈ ದಾಟಿ ಹೋಗುತ್ತವೆ. ಹಾಜರಿಯಲ್ಲಿ ಹುದ್ದೆ ಇಂದಿಗೂ 'ಸಹಾಯಕಿ'.

ಡಿಸ್ಕ್ ಬದಲಿಸಬೇಕು, ಎರಡು ದಿನ ಬೇಕು ಎಂದು ತಂತ್ರಾಂಶದವರು ಫೋನಿನಲ್ಲಿ ಹೇಳಿದ್ದಾರೆ. ಲುಂಬಿನಿ ಅಳೆದು ನೋಡಿದರೆ ಇಪ್ಪತ್ತು ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಆಗ ಅವರು ಕಂಪ್ಯೂಟರಿಗೆ ಇನ್ನೊಂದು ಲೆಕ್ಕ ಕೇಳುತ್ತಾರೆ: ಇನ್ನೆಷ್ಟು ಫೈಲು ಹಿಡಿಯುತ್ತವೆ? ಉತ್ತರ ಸೊನ್ನೆ. ಅದು ಹೇಗೆಂದು ಬರೆದುಕೊಳ್ಳುತ್ತಿರುವ ನಮಗೆ ಬಿಡಿಸಿ ಹೇಳುತ್ತಾರೆ.

"ಸಾಲಿ ಕೋಣ್ಯಾಗ ಜಾಗ ಭಾಳ ಅದರಿ. ಆದ್ರ ಹಾಜರಿ ಪುಸ್ತಕದಾಗ ಗೆರಿ ಮುಗ್ದಾವ. ಹೊಸ ಹುಡುಗನ ಹೆಸರು ಎಲ್ಲಿ ಬರೀಬೇಕು?"

ಆ ಗೆರೆಯೇ ಐನೋಡ್. ಫೈಲು ಎಷ್ಟೇ ಚಿಕ್ಕದಿರಲಿ, ಒಂದು ಬೇಕೇ ಬೇಕು. ಈ ಡಿಸ್ಕಿಗೆ ಮೊದಲ ದಿನವೇ ನಿಗದಿಯಾದದ್ದು 13,10,720. ಎಲ್ಲವೂ ಮುಗಿದಿವೆ.

ಅವನ್ನು ತಿಂದದ್ದು, ವರದಿ ಸಿದ್ಧವೆಂದು ರೋಗಿಗಳ ಫೋನಿಗೆ ಹೋಗುವ ಸಂದೇಶಗಳ ಫೋಲ್ಡರು. ಫೋನಿಲ್ಲದ ಮುದುಕರು ತಮ್ಮೂರಿನ ಆಟೋ ಚಾಲಕ ಮಜೀದಸಾಬರ ನಂಬರ್ ಕೊಡುವುದು ಇಲ್ಲಿನ ರೂಢಿ. ಆ ಫೋನು ತಿಂಗಳ ಹಿಂದೆ ಬಾವಿಗೆ ಬಿದ್ದಿದೆ. ಕಾಗದದ ವರದಿಯನ್ನು ಮುದುಕರೇ ಬಂದು ಒಯ್ಯುತ್ತಿದ್ದುದರಿಂದ ಯಾರೂ ದೂರಲಿಲ್ಲ. ಕಂಪ್ಯೂಟರ್ ಮಾತ್ರ ಆಗ ಬಾಕಿ ಉಳಿದ ಮೂವತ್ತೊಂದು ಸಂದೇಶಗಳನ್ನು ನಿಮಿಷಕ್ಕೊಮ್ಮೆ ಕಳಿಸಲು ಹೆಣಗಿದೆ, ಪ್ರತಿ ಸೋಲಿಗೂ ಒಂದು ಪುಟ್ಟ ಫೈಲು ಬರೆದಿಟ್ಟಿದೆ. ದಿನಕ್ಕೆ 44,640. ಇಪ್ಪತ್ತೊಂಬತ್ತು ದಿನ.

ಭೀಮಬಾಯಿಯನ್ನು ಕರೆತಂದ ಮಜೀದಸಾಬರು ಬಾಗಿಲಲ್ಲೇ ನಿಂತಿದ್ದಾರೆ. "ನನ್ನ ಮೊಬೈಲ್ ಬಾವ್ಯಾಗ ಬಿದ್ರ ನಿಮ್ಮ ಕಂಪ್ಯೂಟರ್ ಮುಳುಗ್ತದೇನ್ರಿ?"

"ಮುಳುಗಿಸಿದವ್ರು ನೀವೇ. ಹೊಸ ನಂಬರ್ ಹೇಳ್ರಿ ಮೊದ್ಲ."

ಲುಂಬಿನಿ ಸಂದೇಶದ ಕೆಲಸ ನಿಲ್ಲಿಸುತ್ತಾರೆ. ಆ ಮೂವತ್ತೊಂದು ಅಸಲು ಸಂದೇಶಗಳನ್ನು ಬೇರೆಡೆ ಇಟ್ಟು, ಉಳಿದದ್ದನ್ನು ಅಳಿಸಲು ಹಚ್ಚಿ, ಕೈಕಟ್ಟಿ ಕಾಯುತ್ತಾರೆ. ಏಳೂ ಹತ್ತಕ್ಕೆ ಪ್ರಿಂಟರ್ ಗೊರಗುಟ್ಟುತ್ತದೆ. ಭೀಮಬಾಯಿ ಕಾಗದವನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಆಟೋ ಹತ್ತುತ್ತಾರೆ.

ಹುದ್ದೆಯ ಹೆಸರು ಬದಲಾಗಬೇಕು ಅನಿಸುವುದಿಲ್ಲವೇ ಎಂದು ನಾವು ಕೇಳಿದರೆ ಲುಂಬಿನಿ ಮುಂದಿನ ಸೀಸೆಗೆ ಚೀಟಿ ಅಂಟಿಸುತ್ತ ನಗುತ್ತಾರೆ.

"ಅದು ಇರ್ಲಿ ಬಿಡ್ರಿ. ಡಿಸ್ಕ್ ಬದಲಿಸ್ಲಿಲ್ಲ ಅಂತ ಬರೀರಿ. ಅಷ್ಟು ಸಾಕು."