ಶಾಂತಾಬಾಯಿಯ ಕಾಯಂ ವಿಳಾಸ

ಕಲಬುರಗಿಯ ಜಗತ್ ವೃತ್ತದಲ್ಲಿ ನನ್ನದು ಅರ್ಜಿ ತುಂಬಿಕೊಡುವ ಅಂಗಡಿ. ಕಮಲಾಪುರದಲ್ಲಿ ತತ್ವಪದ ಹಾಡುವ ಶಾಂತಾಬಾಯಿ ಕಲಾವಿದರ ಗುರುತಿನ ಚೀಟಿಗಾಗಿ ಬಂದಿದ್ದರು.

“ಒಂದೇ ಕಲಾ ಬರೀಬೇಕ್ರೀ ಅವ್ವಾ,” ಅಂದೆ.

“ಏಕತಾರಿ ನಾನೇ ಮಾಡ್ತೇನಿ, ಪದಾ ಕಟ್ತೇನಿ, ಹಾಡ್ತೇನಿ, ಬಯಲಾಟದವರಿಗಿ ಬಣ್ಣಾನೂ ಹಚ್ತೇನಿ. ಇದ್ರಾಗ ಯಾವುದು ಬಿಡ್ಲಿ ತಮ್ಮಾ?”

“ಪದಾ ಹೆಂಗ ಕಟ್ತೀರಿ?”

“ನಿನ್ನ ಅರ್ಜಿ ಓದು.”

ಹೆಸರು, ಊರು, ಕಾಯಂ ವಿಳಾಸ ಎಂದು ಓದಿದೆ. ಹೆಗಲಲ್ಲಿದ್ದ ಏಕತಾರಿ ಮೀಟಿ ಅವರು ಅದನ್ನೇ ಹಾಡಿದರು: “ಬಾಡಿಗಿ ಮೈಯಾಗ ಇರುವವರಿಗಿ ಕಾಯಂ ವಿಳಾಸ ಯಾವುದಪ್ಪಾ?” ಝೆರಾಕ್ಸ್‌ಗೆ ನಿಂತವರೆಲ್ಲ ಹತ್ತಿರ ಸರಿದರು.

ಕೊನೆಗೆ ಕಲೆಯ ಕಾಲಂನಲ್ಲಿ ‘ಗಾಯನ’ ಎಂದಷ್ಟೇ ತುಂಬಿದೆ. ಕಾಯಂ ವಿಳಾಸವನ್ನು ಮಾತ್ರ ಮತ್ತೊಮ್ಮೆ ಕೇಳುವ ಧೈರ್ಯ ಬರಲಿಲ್ಲ; ಆಧಾರ್ ಕಾರ್ಡ್ ನೋಡಿ ಬರೆದುಕೊಂಡೆ.