ಪಾರಾದವನ ಕಥೆ ಓದಿಸಿದವರು

ಮೇಡಮ್ಮರ ಎಡಗೈಯ ಕಿರುಬೆರಳು ಮಡಚಲು ಬರುತ್ತಿರಲಿಲ್ಲ. ಪುಸ್ತಕ ಹಿಡಿದರೆ ಅದೊಂದೇ ಉಳಿದ ಬೆರಳುಗಳಿಂದ ದೂರ, ಸೆಟೆದು ನಿಂತಿರುತ್ತಿತ್ತು. ಗಂಡನ ಮನೆಯಲ್ಲಿ ಮುರಿದದ್ದು ಸರಿಯಾಗಿ ಕೂಡಲಿಲ್ಲವೆಂದು ಒಮ್ಮೆ ಹೇಳಿದ್ದರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ. ಆ ಮನೆ ಬಿಟ್ಟು ಬಂದವರನ್ನು ತವರೂ ಒಳಗೆ ಸೇರಿಸಿರಲಿಲ್ಲ. ಬೈಲಹೊಂಗಲದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬರೇ ಇದ್ದರು. ರೊಟ್ಟಿ ಮಾತ್ರ ಇಬ್ಬರಿಗಾಗುವಷ್ಟು ಬಡಿಯುತ್ತಿದ್ದರು. "ಯಾರರ ಬಂದ್ರ ಇರಲಿ" ಎನ್ನುತ್ತಿದ್ದರು. ಬರುತ್ತಿದ್ದವಳು ನಾನೊಬ್ಬಳೇ, ನಮ್ಮೂರು ದೊಡವಾಡದ ಬಸ್ಸು ತಡವಾದಾಗ.

ಬಿ.ಎ. ಎರಡನೆಯ ವರ್ಷ ಅವರು ನಮಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿಹೋದ ಅಮೆರಿಕದ ಕಪ್ಪು ಮನುಷ್ಯನೊಬ್ಬನ ಆತ್ಮಕಥೆ ಪಠ್ಯವಾಗಿತ್ತು. ಆತ ಗಡಿ ದಾಟಿದ ಭಾಗ ಓದಿದ ದಿನ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮೇಡಮ್ಮರು ನಗಲಿಲ್ಲ.

"ಪಾರಾದ, ಖರೆ. ಅವತ್ತ ಸಂಜಿಮುಂದ 'ಉಂಡಿಯೇನು' ಅಂತ ಅಂವನ್ನ ಕೇಳಾಕ ಯಾರಿದ್ರು?"

ಅವರು ಕಿಟಕಿಯತ್ತ ತಿರುಗಿ ನಿಂತರು. "ಆದ್ರೂ ಹಿಂದಕ್ಕ ಹೊಳ್ಳಿ ಹೋಗಲಿಲ್ಲ ಅಂವ" ಎಂದು ಪುಸ್ತಕ ಮುಚ್ಚಿದರು.

ಅದೇ ವರ್ಷ ಅಪ್ಪ ನನ್ನ ಕಾಲೇಜು ಬಿಡಿಸಿ ಕಿತ್ತೂರಿನ ಕಡೆ ಸಂಬಂಧ ನೋಡಿದ. ನಾನು ಮೇಡಮ್ಮರ ಮುಂದೆ ಅತ್ತೆ. "ಓಡಿ ಬರತೇನ್ರಿ, ನಿಮ್ಮ ಕೋಣ್ಯಾಗ ಇರತೇನಿ" ಅಂದೆ. ಅವರು ಹೂಂ ಅನ್ನಲಿಲ್ಲ. ಮರುದಿನ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು.

ಅಪ್ಪ ಅವರನ್ನು ಹೊರಗೆ ಕಟ್ಟೆಯ ಮೇಲೆಯೇ ಕೂಡಿಸಿದ. "ನೀವು ಮನಿ ಬಿಟ್ಟು ಬಂದವರು. ನಮ್ಮ ಹುಡಿಗೀಗೂ ಅದನ್ನ ಕಲಸಾಕ ಹತ್ತೀರೇನ್ರಿ?" ಎಂದ. ಬಾಗಿಲ ಹಿಂದಿದ್ದ ನಾನು ಭೂಮಿಗಿಳಿದು ಹೋದೆ.

"ಇಲ್ರೀ ಅಣ್ಣಾರ, ಅದು ಆಕಿಗಿ ಬ್ಯಾಡ ಅಂತನ ಬಂದೇನಿ. ಮನಿ ಬಿಟ್ಟು ಬದುಕೂದು ಹೆಂಗಿರತೈತಿ ಅಂತ ನನಗ ಗೊತ್ತೈತಿ. ನಿಮ್ಮ ಮನ್ಯಾಗ ಇದ್ದಕೊಂಡ ಓದ್ಲಿ. ಆಕಿ ಓಡಿ ಬರೂವಂಗ ಮಾಡಬ್ಯಾಡ್ರಿ."

ಅಪ್ಪ ಒಳಗೆ ತಿರುಗಿ, "ಅಕ್ಕಾರಿಗೆ ಚಾ ತಗೊಂಬಾ" ಎಂದು ಕೂಗಿದ. ಮದುವೆಯ ಮಾತು ಅಲ್ಲಿಗೆ ನಿಂತಿತು, ನಾನು ಮತ್ತೆ ಕಾಲೇಜಿಗೆ ಹೋದೆ.

ನಾನೀಗ ಸವದತ್ತಿಯಲ್ಲಿ ಪಾಠ ಹೇಳುತ್ತೇನೆ. ಮೇಡಮ್ಮರು ಹೋದ ವರ್ಷ ತೀರಿಕೊಂಡರು. ಅವರ ತವರಿಗೆ ಫೋನ್ ಮಾಡಿದೆ. ಆ ಕಡೆಯವರು ಕೇಳಿಸಿಕೊಂಡು, ಏನೂ ಹೇಳದೆ ಇಟ್ಟರು. ಹೆಗಲು ಕೊಡಲು ಜನ ಸಾಲದೆ ನಿಂತಿದ್ದಾಗ ಅಪ್ಪ ಊರಿನಿಂದ ಬಂದ. ಯಾರನ್ನೂ ಏನೂ ಕೇಳದೆ ಚಪ್ಪಲಿ ಕಳಚಿಟ್ಟು ಮುಂದೆ ಹೋಗಿ ನಿಂತ.

ಎಲ್ಲ ಮುಗಿದ ಮೇಲೆ ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ಬಸ್ಸು ಬಂದು ನಿಂತಾಗ ಅಪ್ಪ ಮೆಲ್ಲಗೆ ಅಂದ:

"ಒಂದ ಹಬ್ಬಕ್ಕರ ಅವರನ್ನ ಮನಿಗೆ ಕರೀಬೇಕಾಗಿತ್ತವಾ."